ಬಟ್ಟಲು ಅಜ್ಜನ ಕಾಲದ್ದು, ನಡಿಗೆ ನಮ್ಮ ಕಾಲದ್ದು: ಊಟ, ನಡಿಗೆ, ನಿದ್ದೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ 29 ವರ್ಷ ಡ್ರಿಲ್ ಮಾಷ್ಟ್ರಾಗಿದ್ದೆ. ನಿವೃತ್ತಿಯಾದಾಗ ಸೀಟಿ ಹೋಯಿತು, ಪ್ರಶ್ನೆಗಳು ಹೋಗಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬದಿಯಡ್ಕದ ಬಸ್ಸಿನಲ್ಲಿ, ಗಲ್ಫಿನಿಂದ ಬರುವ ವಾಯ್ಸ್ ಮೆಸೇಜಿನಲ್ಲಿ ಅವೇ ಪ್ರಶ್ನೆಗಳು. ಆಸ್ಪತ್ರೆಯಲ್ಲಿ ಕೊಡುವ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಅರುವತ್ತು ದಾಟಿದ ನಮ್ಮವರಲ್ಲಿ ಎಷ್ಟೋ ಜನಕ್ಕೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡು ನನ್ನ ಜಗಲಿಗೆ ಬರುತ್ತಾರೆ. "ಇದ್ರಲ್ಲಿ ಎಂತ ಬರ್ದಿದ್ದಾರೆ ಮಾಷ್ಟ್ರೇ?"

ನಾನು ಡಾಕ್ಟರಲ್ಲ. ಮಕ್ಕಳನ್ನು ಓಡಿಸಿ ನಾನು ಮಾತ್ರ ಮರದ ನೆರಳಲ್ಲಿ ನಿಂತೆ. 52ನೇ ವರ್ಷಕ್ಕೆ ಶುಗರ್ ಬಂತು. ಹಾಗಾಗಿ ಇಲ್ಲಿರುವುದರಲ್ಲಿ ಅರ್ಧ ಓದಿದ್ದು, ಅರ್ಧ ಪಾಡು ಪಟ್ಟದ್ದು.

### ಮೊದಲು ಕೇಳುವವು

ಅಜ್ಜ ಮೂರು ಹೊತ್ತೂ ಅನ್ನ ಉಂಡು ತೊಂಬತ್ತು ವರ್ಷ ಬದುಕಿದ್ರು. ನಮಗೆ ಮಾತ್ರ ಯಾಕೆ ಈ ಶುಗರ್, ಪ್ರೆಶರ್?

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು.

ನನ್ನ ಅಜ್ಜನ ಒಂದು ದಿನ ಹೇಳುತ್ತೇನೆ. ಬೆಳಕು ಹರಿಯುವ ಮೊದಲು ನೀರಿಗೆಂದೇ ಗುಡ್ಡೆಯ ಬುಡದಲ್ಲಿ ಕೊರೆದ ಸುರಂಗದಿಂದ ಎರಡು ಕೊಡ ನೀರು. ಆಮೇಲೆ ಹಟ್ಟಿಗೆ ಸೊಪ್ಪು ತರಲು ಗುಡ್ಡೆ ಹತ್ತುವುದು. ಬೇಸಿಗೆಯಾದರೆ ಕಣಿಯಲ್ಲಿ ನಿಂತು ಅಡಿಕೆ ಹಾಳೆಯಲ್ಲಿ ತೋಟಕ್ಕೆ ನೀರು ಚಿಮ್ಮಿಸುವುದು, ಒಂದೊಂದು ಬುಡಕ್ಕೂ. ಸಂತೆಗೆ, ನೆಂಟರ ಮನೆಗೆ, ಯಕ್ಷಗಾನದ ಆಟಕ್ಕೆ, ಎಲ್ಲದಕ್ಕೂ ಕಾಲೇ ಗತಿ. ರಾತ್ರಿ ಎಂಟಕ್ಕೆ ಚಿಮಿಣಿ ದೀಪ ಆರಿಸಿದರೆ ಇಡೀ ಮನೆ ಮಲಗಿತು.

ಈಗ ಅದೇ ಮನೆಯಲ್ಲಿ ನಾನಿದ್ದೇನೆ. ನೀರಿಗೆ ಗೋಡೆಯ ಸ್ವಿಚ್ಚು. ತೋಟಕ್ಕೆ ಸ್ಪ್ರಿಂಕ್ಲರ್. ಸೊಪ್ಪು ಪಿಕಪ್‌ನಲ್ಲಿ ಬರುತ್ತದೆ. ಗೇಟು ತೆಗೆಯಲೂ ಸ್ಕೂಟರಿನಿಂದ ಇಳಿಯುವುದಿಲ್ಲ, ಕಾಲಲ್ಲೇ ದೂಡುತ್ತೇನೆ. ಬದಲಾಗದೆ ಉಳಿದದ್ದು ಒಂದೇ, ಬಟ್ಟಲು.

ಶುಗರ್ ಗೊತ್ತಾದ ವಾರ ಒಂದು ಕೆಲಸ ಮಾಡಿದೆ. ಮಧ್ಯಾಹ್ನ ಹೆಂಡತಿ ಎಂದಿನಂತೆ ಬಡಿಸಲಿ ಅಂತ ಸುಮ್ನೆ ಕೂತೆ. ಬಡಿಸಿದ ಕೂಡಲೇ ಬಟ್ಟಲನ್ನು ಎತ್ತಿ ತಕ್ಕಡಿಯಲ್ಲಿಟ್ಟೆ. ಬಟ್ಟಲಿನ ಭಾರ ಕಳೆದು ಬರೀ ಅನ್ನ 540 ಗ್ರಾಂ! ಎರಡನೇ ಸಲ ಹಾಕಿಸಿಕೊಳ್ಳುವುದು ಬೇರೆ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲರಿ ಇರುತ್ತದೆ. ಮೊದಲು ಬಡಿಸಿದ್ದರಲ್ಲೇ 700 ಆಯಿತು. ನನ್ನಷ್ಟು ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು 250ರಿಂದ 300. ಲೆಕ್ಕ ಎಲ್ಲಿ ತಪ್ಪಿದೆ ಅಂತ ತಿಳಿಯಲು ಗಣಿತದ ಮಾಷ್ಟ್ರು ಬೇಕಾಗಲಿಲ್ಲ.

ಮತ್ತೆ, ಎಲ್ಲ ಅಜ್ಜಂದಿರೂ ತೊಂಬತ್ತು ಬದುಕಲಿಲ್ಲ. ನನ್ನ ಅಜ್ಜನ ಇಬ್ಬರು ತಮ್ಮಂದಿರು ನಲ್ವತ್ತರೊಳಗೇ ಹೋದರು. ಗೋಡೆಯಲ್ಲಿ ಫೋಟೋ ಇರುವ ಅಜ್ಜನನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ.

ದಿನಕ್ಕೆ ಎಷ್ಟು ನಡೆದರೆ ಸಾಕು? ಹತ್ತು ಸಾವಿರ ಹೆಜ್ಜೆ ಆಗ್ಲೇಬೇಕಾ?

ಆಗಲೇಬೇಕು ಅಂತಿಲ್ಲ. ಆ ಹತ್ತು ಸಾವಿರ ಯಾವ ಡಾಕ್ಟರ ಲೆಕ್ಕವೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದಕ್ಕೆ ಇಟ್ಟ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮೀಟರು'. ಹೆಸರು ಹಿಡಿಸಿತು, ಸಂಖ್ಯೆ ಉಳಿಯಿತು. ಏಳು ಸಾವಿರದ ಆಸುಪಾಸಿನಲ್ಲೇ ಒಳ್ಳೆಯ ಲಾಭ ಉಂಟು ಅಂತ ಆಮೇಲಿನ ಅಧ್ಯಯನಗಳು ಹೇಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆಯ ಲೆಕ್ಕವಲ್ಲ, ನಿಮಿಷದ್ದು. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಬಿರುಸು ಅಂದ್ರೆ ಎಷ್ಟು? ಪಕ್ಕದವರ ಹತ್ತಿರ ಮಾತಾಡಲು ಆಗಬೇಕು, ಯಕ್ಷಗಾನದ ಭಾಗವತರ ಹಾಗೆ ಹಾಡಲು ಆಗಬಾರದು. ಅಷ್ಟು.

ನಾವು ತೋಟದಲ್ಲಿ ದುಡಿಯುವವರು. ನಮಗೆ ಬೇರೆ ವ್ಯಾಯಾಮ ಎಂತಕ್ಕೆ?

ನಿಜವಾಗಿ ದುಡಿಯುವವರಿಗೆ ಬೇಡ. ಬುಡ ಬಿಡಿಸುವವರು, ಗೊಬ್ಬರ ಹೊರುವವರು, ದಿನಕ್ಕೆ ಮೂವತ್ತು ಮರ ಹತ್ತುವವರು ಸಂಜೆ ಶೂ ಹಾಕಿ ನಡೆಯಬೇಕಾಗಿಲ್ಲ. ಅವರಿಗೆ ಬೇಕಾದದ್ದು ಬೆನ್ನಿಗೆ ವಿಶ್ರಾಂತಿ.

ಆದರೆ ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ತೋಟದಲ್ಲಿ ದುಡಿಯುವವರಲ್ಲ, ದುಡಿಸುವವರು. ನಾನೂ ಅದೇ ಗುಂಪು. ಕೆಲಸದವರ ಹಿಂದೆ ನಿಂತದ್ದನ್ನು ನಾವು ಕೆಲಸ ಅಂತ ಎಣಿಸುತ್ತೇವೆ. ಒಂದು ದಿನ ಫೋನ್ ಕಿಸೆಯಲ್ಲಿಟ್ಟು ಹೆಜ್ಜೆ ಎಣಿಸಿ ನೋಡಿ. ನನಗೆ ಮೊದಲ ದಿನ ಸಿಕ್ಕಿದ್ದು 2,300. ಅದರಲ್ಲಿ ಅರ್ಧ ಫೋನ್ ಎಲ್ಲಿಟ್ಟೆ ಅಂತ ಹುಡುಕಿದ್ದು.

ಬೆಳಗ್ಗೆ ನಡೆಯಲಿಕ್ಕೆ ಹೊರಟ್ರೆ ನಾಯಿ ಕಾಟ. ಎಂತ ಮಾಡುದು?

ಬೆಳಕಾದ ಮೇಲೆ ಹೊರಡಿ. ಇಬ್ಬರಾದರೆ ಒಳ್ಳೆಯದು. ಕೈಯಲ್ಲಿ ಕೊಡೆ ಇರಲಿ, ನಮ್ಮೂರಲ್ಲಿ ಕೊಡೆ ಹಿಡಿದವರನ್ನು ಯಾರೂ ನಗಾಡುವುದಿಲ್ಲ. ಓಡಬೇಡಿ. ಕಚ್ಚಿದರೆ, ಹಲ್ಲು ತಾಗಿ ಬರೀ ಗೀರಾದರೂ, ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಸಿನ, ಮೆಣಸು, ಸುಣ್ಣ ಮೆತ್ತುವುದು ಬೇಡ.

ಮಳೆಗಾಲದಲ್ಲಿ ನಾಲ್ಕು ತಿಂಗಳು ಹೊರಗೆ ಕಾಲಿಡ್ಲಿಕ್ಕೆ ಆಗುದಿಲ್ಲ. ಆಗ?

ಅಂಗಳದಲ್ಲಿ ನಡೆಯಬೇಡಿ, ಹಾವಸೆಯಲ್ಲಿ ಜಾರಿ ಸೊಂಟ ಮುರಿದವರನ್ನು ಸುಮಾರು ಕಂಡಿದ್ದೇನೆ. ಜಗಲಿ ಸಾಕು. ನನ್ನ ಜಗಲಿ ಒಂದು ಕೊನೆಯಿಂದ ಇನ್ನೊಂದಕ್ಕೆ 14 ಹೆಜ್ಜೆ. ಹೆಂಡತಿಗೆ ಮೊದಮೊದಲು ನಗು. ಈಗ ಎದುರಿನಿಂದ ಅವಳೂ ಬರುತ್ತಾಳೆ, ನಡುವಿನಲ್ಲಿ ದಾರಿ ಬಿಡಬೇಕು.

ಮಳೆಗಾಲ ಸ್ನಾಯುಗಳಿಗೆ ಒಳ್ಳೆಯ ಕಾಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಹಿಮ್ಮಡಿ ಎತ್ತಿ ನಿಲ್ಲುವುದು. ಹತ್ತು ಹತ್ತರ ಹಾಗೆ ಮೂರು ಸುತ್ತು. ಮಣೆಯಲ್ಲಿ ಕೂತು ಉಣ್ಣುವುದು ಬಿಟ್ಟೆವು, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಬಿಟ್ಟೆವು. ದಿನಕ್ಕೆ ಹತ್ತಿಪ್ಪತ್ತು ಸಲ ಸುಮ್ನೆ ಆಗುತ್ತಿದ್ದ ಬೈಠಕ್ ಅದರೊಟ್ಟಿಗೇ ಹೋಯಿತು.

### ಬಟ್ಟಲಿನ ವಿಷಯ

ಕುಚ್ಚಲಕ್ಕಿ ಒಳ್ಳೆಯದಾ, ಬೆಳ್ತಿಗೆಯಾ? ಗಂಜಿ ಉಂಡ್ರೆ ಶುಗರ್ ಏರುದಿಲ್ಲ ಅಂತಾರಲ್ಲ?

ಬೇಯಿಸದ ಭತ್ತದ ಬೆಳ್ತಿಗೆಗಿಂತ ಕುಚ್ಚಲಕ್ಕಿ ವಾಸಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಕೆಂಪು ತವುಡು ಉಳಿದದ್ದಾದರೆ ನಾರೂ ಸಿಗುತ್ತದೆ. ಆದರೆ ಅದೂ ಅಕ್ಕಿಯೇ. ಕುಚ್ಚಲು ಅಂತ ಎರಡು ಸೌಟು ಜಾಸ್ತಿ ಹಾಕಿಕೊಂಡರೆ ಲಾಭ ಅಲ್ಲಿಗೇ ಮುಗಿಯಿತು.

ಗಂಜಿಯ ಕತೆ ಸ್ವಲ್ಪ ಬೇರೆ. ತೆಳಿ, ಅಂದರೆ ಗಂಜಿನೀರು, ತುಂಬಿರುವುದರಿಂದ ಅಕ್ಕಿ ಕಡಿಮೆ ಹೋಗುತ್ತದೆ, ಅದು ಒಳ್ಳೆಯದು. ಆದರೆ ಕರಗುವಷ್ಟು ಬೆಂದ ಅಕ್ಕಿ ಬೇಗ ಜೀರ್ಣವಾಗುತ್ತದೆ, ಶುಗರ್ ಬೇಗ ಏರುತ್ತದೆ. ಬರೀ ಉಪ್ಪಿನಕಾಯಿ ನಂಚಿಕೊಂಡು ಗಂಜಿ ಉಂಡರೆ ಎರಡು ಗಂಟೆಗೆ ಪುನಃ ಹಸಿವು. ಇದರಲ್ಲಿ ಮಲಯಾಳಿಗಳೇ ಜಾಣರು. ಅವರ ಕಂಜಿಯ ಬದಿಯಲ್ಲಿ ಪಯರು, ಅಂದರೆ ಹೆಸರುಕಾಳು, ಇದ್ದೇ ಇರುತ್ತದೆ. ಗಡಿಯಲ್ಲಿ ಇದ್ದುಕೊಂಡು ಇಷ್ಟಾದರೂ ಕಲಿಯಬಹುದು.

ಹಾಗಾದ್ರೆ ಬಟ್ಟಲು ಹೇಗಿರ್ಬೇಕು? ಬಿಡಿಸಿ ಹೇಳಿ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. 2,000 ಕ್ಯಾಲರಿ ಬೇಕಾದವರಿಗೆ ಇಡೀ ದಿನಕ್ಕೆ ಧಾನ್ಯ 250 ಗ್ರಾಂ, ಅದೂ ಬೇಯಿಸುವ ಮೊದಲಿನ ತೂಕ. ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100, ಬೇಳೆಕಾಳು ಅಥವಾ ಮೀನು-ಮೊಟ್ಟೆ 85, ಬೀಜಗಳು 35, ಎಣ್ಣೆ 27 ಗ್ರಾಂ. ಹಾಲು-ಮೊಸರು 300 ಮಿ.ಲೀ.

ಈ ಪಟ್ಟಿ ಓದಿದರೆ ನಮ್ಮ ಬಟ್ಟಲು ತಲೆಕೆಳಗಾಗಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಅನ್ನ ಗುಡ್ಡೆ, ಪಲ್ಯ ಗುಡ್ಡೆಯ ಬುಡದ ಪೊದೆ. ಹಾಗಂತ ನಮಗೆ ಸೊಪ್ಪಿನ ಬರವಿಲ್ಲ. ಬಸಳೆ, ಹರಿವೆ, ಒಂದೆಲಗ, ಕೆಸು, ಬಾಳೆದಿಂಡು, ಅಲಸಂಡೆ, ತೊಂಡೆ, ಎಲ್ಲ ಹಿತ್ತಿಲಲ್ಲೇ ಉಂಟು. ನಾನು ಮಾಡಿದ ಬದಲಾವಣೆ ಒಂದೇ: ಪಲ್ಯಕ್ಕೆ ಅನ್ನದ ಸೌಟು, ಅನ್ನಕ್ಕೆ ಪಲ್ಯದ ಚಮಚ. ಮೊದಲು ಪಲ್ಯ, ಕಾಳು ಅರ್ಧ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕುತ್ತೇನೆ. ಆ ಕ್ರಮದಲ್ಲಿ ಉಂಡರೆ ಶುಗರ್ ಅಷ್ಟು ಬೇಗ ಏರುವುದಿಲ್ಲ. ಉಂಡ ಮೇಲೆ ಹತ್ತು ನಿಮಿಷ ಜಗಲಿಯಲ್ಲಿ ಅಡ್ಡಾಡಿದರೆ ಇನ್ನೂ ವಾಸಿ.

ತೆಂಗಿನೆಣ್ಣೆ ಅಮೃತ ಅಂತ ಒಬ್ರು, ವಿಷ ಅಂತ ಇನ್ನೊಬ್ರು. ಯಾರನ್ನು ನಂಬುದು?

ಇಬ್ಬರನ್ನೂ ಬೇಡ. ತೆಂಗಿನ ಸಂಶೋಧನೆಗೆ ಕಾಸರಗೋಡಿನಲ್ಲಿ ಕೇಂದ್ರ ಶುರುವಾದದ್ದು 1916ರಲ್ಲಿ, ಇವತ್ತಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅದೇ. ಅಂಥ ಊರಲ್ಲಿ ತೆಂಗಿಗೆ ಎದುರು ಮಾತಾಡಲು ನನಗೂ ಧೈರ್ಯ ಸಾಲುವುದಿಲ್ಲ. ಆದರೆ ಲೆಕ್ಕ ಲೆಕ್ಕವೇ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇಕಡಾ 85ರಿಂದ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಜಾತಿ ಅದು. 2,000 ಕ್ಯಾಲರಿಯ ಊಟದಲ್ಲಿ ಅದು ದಿನಕ್ಕೆ 22 ಗ್ರಾಂ ಮೀರಬಾರದು ಅಂತ ಲೆಕ್ಕ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಅದು ಮುಗಿಯಿತು. ಸಾಂಬಾರಿಗೆ ಅರೆದ ತೆಂಗಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಒಗ್ಗರಣೆಗೆ, ಪಲ್ಯದ ಮೇಲೆ ಹಸಿಯಾಗಿ ಒಂದು ಚಮಚಕ್ಕೆ ತೆಂಗಿನೆಣ್ಣೆ ಇರಲಿ, ಪರಿಮಳ ಬೇರೆ ಯಾವುದರಲ್ಲಿ ಬರುತ್ತದೆ ಹೇಳಿ? ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಯನ್ನೂ ನಡುನಡುವೆ ಬಳಸಿ. ಎಲ್ಲ ಸೇರಿ ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ದಾಟದಿದ್ದರೆ ಸಾಕು. ಹಪ್ಪಳ ಕರಿಯುವ ತಿಂಗಳು ಈ ಲೆಕ್ಕ ತಪ್ಪುತ್ತದೆ, ನನಗೆ ಗೊತ್ತು.

ಸಕ್ಕರೆ ಬಿಟ್ಟು ಬೆಲ್ಲ ಹಾಕ್ತೇನೆ. ಸರಿ ಅಲ್ವಾ?

ಶುಗರಿನ ಮಟ್ಟಿಗೆ ಎರಡೂ ಒಂದೇ. ಬೆಲ್ಲದಲ್ಲಿ ಸ್ವಲ್ಪ ಖನಿಜ ಉಂಟು, ಆದರೆ ಅದಕ್ಕಾಗಿ ಬೆಲ್ಲ ತಿನ್ನುವುದು ನಾಟಕ. ದಿನಕ್ಕೆ ಆರು ಚಮಚ, ಅಂದರೆ 25 ಗ್ರಾಂ, ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಚಮಚದ ಚಾ ನಾಲ್ಕು ಸಲ ಕುಡಿದರೆ ಎಂಟಾಯಿತು. ಬಿಸ್ಕೆಟು, ಬೇಕರಿ, ಬನ್ಸು ಬೇರೆ. ನಾನು ವಾರಕ್ಕೆ ಕಾಲು ಚಮಚ ಇಳಿಸುತ್ತಾ ಹೋದೆ. ಈಗ ಯಾರದ್ದಾದರೂ ಮನೆಯಲ್ಲಿ ಮಾಮೂಲಿ ಚಾ ಕೊಟ್ಟರೆ ಪಾಯಸ ಕುಡಿದ ಹಾಗೆ ಆಗುತ್ತದೆ.

ನಾವು ಮೀನು, ಮೊಟ್ಟೆ ತಿನ್ನುದಿಲ್ಲ. ಪ್ರೊಟೀನ್ ಎಲ್ಲಿಂದ? ಡಬ್ಬಿಯ ಪುಡಿ ತರ್ಬೇಕಾ?

ಬೇಡ. ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 60 ಕಿಲೋ ಇದ್ದವರಿಗೆ 50 ಗ್ರಾಂ. ಒಂದು ಮುಷ್ಟಿ ಜಾಸ್ತಿ, ಅಂದರೆ 50 ಗ್ರಾಂ ಹುರುಳಿ ಅಥವಾ ಹೆಸರಿನಲ್ಲಿ 11-12 ಗ್ರಾಂ ಸಿಗುತ್ತದೆ. ಸಾಂಬಾರಿನ ಬೇಳೆಯಲ್ಲಿ ಆರು. ಹಾಲು-ಮೊಸರಲ್ಲಿ ಹತ್ತು. ಒಂದು ಹಿಡಿ ನೆಲಗಡಲೆಯಲ್ಲಿ ಏಳೆಂಟು. ಉಳಿದದ್ದು ಅಕ್ಕಿಯಲ್ಲೇ ಇರುತ್ತದೆ. ತೊಂದರೆ ಎಲ್ಲಿ ಅಂದ್ರೆ, ನಮ್ಮ ಸಾಂಬಾರಿನಲ್ಲಿ ಬೇಳೆಯನ್ನು ಹುಡುಕಬೇಕು. ತಂಬುಳಿ, ಸಾರು, ಮಜ್ಜಿಗೆ ಅಂತ ಮೂರೂ ನೀರಿನಲ್ಲೇ ಊಟ ಮುಗಿಸುತ್ತೇವೆ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಸಾಕು. ನೂರು ಗ್ರಾಮಿಗೆ 18-20 ಗ್ರಾಂ ಪ್ರೊಟೀನ್, ಜೊತೆಗೆ ಹೃದಯಕ್ಕೆ ಬೇಕಾದ ಒಮೆಗಾ 3. ಗಸಿ ಮಾಡಿದರೆ ಒಳ್ಳೆಯದು, ದಿನಾ ಹುರಿದರೆ ಎಣ್ಣೆಯ ಲೆಕ್ಕ ಮೇಲೆ ಹೇಳಿದ್ದೇನೆ.

ಹಲಸು ತಿಂದ್ರೆ ಶುಗರ್ ಇಳಿಯುತ್ತದಂತೆ, ಹೌದಾ?

ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿದ ಮೇಲೆ ಈ ಮಾತು ಜಾಸ್ತಿಯಾಗಿದೆ. ಗುಜ್ಜೆ (ಎಳೆ ಹಲಸು) ಮತ್ತು ಹಣ್ಣಾಗದ ಸೊಳೆಯಲ್ಲಿ ಸಕ್ಕರೆ ಕಡಿಮೆ, ನಾರು ಜಾಸ್ತಿ. ಅನ್ನದ *ಬದಲಿಗೆ* ತಿಂದರೆ ಪ್ರಯೋಜನ ಉಂಟು. ಅನ್ನದ *ಜೊತೆಗೆ* ತಿಂದರೆ ಇಲ್ಲ. ಹಣ್ಣಾದರೆ ಮೆತ್ತಗಿನ ತುಳುವ, ಗಟ್ಟಿ ಬಕ್ಕೆ ಎರಡು ಜಾತಿಯೂ ಸಿಹಿಯೇ, ಎರಡು ಸೊಳೆಗೆ ಕೈ ತೊಳೆಯಿರಿ.

ಉಪ್ಪು ಎಷ್ಟು?

ದಿನಕ್ಕೆ 5 ಗ್ರಾಂ ಒಳಗೆ, ಸಣ್ಣ ಚಮಚದಲ್ಲಿ ಒಂದು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಉಪ್ಪುಸೊಳೆ, ಎಲ್ಲ ಸೇರಿ. ಉಪ್ಪುಸೊಳೆಯನ್ನು ಎರಡು ಸಲ ನೀರಲ್ಲಿ ಹಾಕಿ ಹಿಂಡಿದರೆ ಸುಮಾರು ಉಪ್ಪು ಇಳಿಯುತ್ತದೆ.

ಸುರಂಗದ ನೀರು ಮಿನರಲ್ ನೀರಿಗಿಂತ ಒಳ್ಳೆಯದು ಅಲ್ವಾ? ದಿನಕ್ಕೆ ಎಷ್ಟು ಲೀಟರ್ ಕುಡೀಬೇಕು?

ರುಚಿಯಲ್ಲಿ ಹೌದು. ಬಾಯಾರು, ಪೆರ್ಲದ ಕಡೆಯ ಗುಡ್ಡೆಗಳಲ್ಲಿ ಕೆಂಪುಕಲ್ಲು ಕೊರೆದು ತೆಗೆದ ಸುರಂಗದ ನೀರು ಬೇಸಿಗೆಯಲ್ಲೂ ತಂಪು. ಆದರೆ ಮದಕದಲ್ಲಿ, ಅಂದರೆ ಸಣ್ಣ ಕೆರೆಯಲ್ಲಿ, ನಿಂತ ನೀರಿಗೆ ಎಲೆ, ಬಾವಲಿ, ಇಲಿ ಯಾವುದೂ ಬರಬಹುದು. ಕುದಿಸಿ. ಕೇರಳದ ಹೋಟೆಲುಗಳಲ್ಲಿ ಜೀರಿಗೆ ಹಾಕಿದ ಬಿಸಿನೀರು ಕೊಡುವ ಕ್ರಮ ಉಂಟಲ್ಲ, ಅದರಲ್ಲಿ ಮದ್ದಿಗಿಂತ ಕುದಿಸಿದ್ದೇ ದೊಡ್ಡ ಗುಣ.

ಲೀಟರ್ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು. ಗಾಢವಾದರೆ ಇನ್ನೂ ಕುಡಿಯಿರಿ. ಕಿಡ್ನಿ, ಹೃದಯದ ತೊಂದರೆ ಇದ್ದವರು ಡಾಕ್ಟರು ಹೇಳಿದಷ್ಟೇ.

ಊಟ ಆದ ಕೂಡ್ಲೆ ಚಾ ಕುಡೀಬಾರ್ದಾ?

ಒಂದು ಗಂಟೆ ಬಿಡಿ. ಚಾ-ಕಾಫಿಯ ಟ್ಯಾನಿನ್ ಊಟದ ಕಬ್ಬಿಣಾಂಶ ಮೈಗೆ ಹಿಡಿಯಲು ಬಿಡುವುದಿಲ್ಲ. ರಕ್ತ ಕಡಿಮೆ ಇರುವ ಹೆಂಗಸರು ಇದನ್ನು ಮುಖ್ಯವಾಗಿ ನೋಡಬೇಕು. ಹರಿವೆ ಸೊಪ್ಪಿಗೆ ಲಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಬಿಂಬುಳಿ ರಸ ಕುಡಿದ್ರೆ ಕೊಲೆಸ್ಟ್ರಾಲ್ ಕರಗ್ತದಂತೆ. ಪಕ್ಕದ ಮನೆಯ ಅಕ್ಕ ದಿನಾ ಒಂದು ಗ್ಲಾಸ್ ಕುಡೀತಾರೆ.

ಇವತ್ತೇ ಹೋಗಿ ನಿಲ್ಲಿಸಿ ಅನ್ನಿ. ಬಿಂಬುಳಿಯ ಹುಳಿಕಾಯಿಯಲ್ಲಿ ಆಕ್ಸಲೇಟ್, ಅಂದರೆ ಹರಳು ಕಟ್ಟುವ ಅಂಶ, ವಿಪರೀತ. ಸಾರಿಗೆ ಹುಳಿಗೆಂದು ನಾಲ್ಕು ಹಾಕಿದರೆ ಏನಾಗುವುದಿಲ್ಲ. ಹಿಂಡಿ ರಸ ಮಾಡಿ ಗ್ಲಾಸ್‌ಗಟ್ಟಲೆ ಕುಡಿದರೆ ಆ ಹರಳು ಕಿಡ್ನಿಯಲ್ಲಿ ಕಟ್ಟುತ್ತದೆ. ಕೇರಳದಲ್ಲೇ ಹೀಗೆ ಕಿಡ್ನಿ ನಿಂತು ಡಯಾಲಿಸಿಸ್‌ಗೆ ಹೋದವರ ಪ್ರಕರಣಗಳನ್ನು ಡಾಕ್ಟರುಗಳು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ.

ಆಟಿ ಅಮಾವಾಸ್ಯೆಯ ಕಷಾಯ ಕುಡಿದ್ರೆ ವರ್ಷ ಇಡೀ ರೋಗ ಬರುದಿಲ್ಲ ಅಂತ ಅಮ್ಮ ಹೇಳ್ತಾರೆ.

ನಾನೂ ಕುಡಿಯುತ್ತೇನೆ. ಮೆಂತೆ ಗಂಜಿ ಸಿಗುತ್ತದೆ ಅಂತಲೂ ಹೌದು. ಆದರೆ ಒಂದು ಗ್ಲಾಸ್ ಕಹಿಗೆ 364 ದಿನ ಕಾಯುವ ಶಕ್ತಿ ಇಲ್ಲ. ಅದಕ್ಕಿಂತ ಮುಖ್ಯ, ಕಷಾಯ ಹಾಲೆಮರದ ತೊಗಟೆಯದ್ದು, ಮರ ಗೊತ್ತಿರುವವರೇ ತೊಗಟೆ ತರಬೇಕು. ಬೆಳಗಿನ ಕತ್ತಲಲ್ಲಿ ಹಾಲೆಮರ ಅಂತ ಬೇರೆ ಮರ ಕೆತ್ತಿದರೆ ಕಷ್ಟ. ನಮ್ಮ ಗುಡ್ಡೆಗಳಲ್ಲಿ ಕಾಸರಕ ಬೇಕಾದಷ್ಟು ಉಂಟು, ಅದರ ತೊಗಟೆಯೂ ವಿಷ.

ಅಡಿಕೆ ನಮ್ಮ ಅನ್ನ. ಅದನ್ನೂ ಬಿಡ್ಬೇಕಾ?

ಬೆಳೆಯುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ನನ್ನ ಪೆನ್ಶನ್ ಸಾಲದ್ದಕ್ಕೆ ತೋಟವೇ ಆಧಾರ. ಜಗಿಯುವುದು ಬಿಡಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 2004ರಲ್ಲೇ ಸೇರಿಸಿದೆ, ಹೊಗೆಸೊಪ್ಪು ಇಲ್ಲದಿದ್ದರೂ. ಇದು ನಮಗೆ ಕೇಳಲು ಹಿತವಿಲ್ಲದ ಮಾತು. ಸಭೆಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ಒಂದು ಪರೀಕ್ಷೆ ಈಗಲೇ ಮಾಡಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಾಗಿ ಬಾಯಿಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿದರೆ, ಬಾಯಿಯ ಹುಣ್ಣು ಎರಡು ವಾರದಲ್ಲಿ ವಾಸಿಯಾಗದಿದ್ದರೆ ದಂತವೈದ್ಯರಿಗೆ ತೋರಿಸಿ.

### ನಿದ್ದೆ

ಆಟ ನೋಡಿ ಬಂದು ಹಗಲು ಮಲಗಿದ್ರೆ ಸರಿ ಆಗ್ತದಲ್ವಾ?

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಆಟ ನೋಡಬೇಡಿ ಅನ್ನಲು ಆಗುತ್ತದಾ? ದೊಡ್ಡವರಿಗೆ ದಿನಕ್ಕೆ ಕಡಿಮೆ ಅಂದರೂ ಏಳು ಗಂಟೆ ನಿದ್ದೆ ಬೇಕು. ತಿಂಗಳಿಗೆ ಒಂದೆರಡು ರಾತ್ರಿ ತಪ್ಪಿದರೆ ದೇಹ ಸುಧಾರಿಸಿಕೊಳ್ಳುತ್ತದೆ. ಹಗಲು ಒಂದೂವರೆ-ಎರಡು ಗಂಟೆ ಮಲಗಿ, ರಾತ್ರಿ ಎಂದಿನ ಹೊತ್ತಿಗೆ ಮಲಗಿ, ಮರುದಿನ ಎಂದಿನ ಹೊತ್ತಿಗೇ ಏಳಿ. ಹಗಲಿಡೀ ಮಲಗಿದರೆ ಆ ರಾತ್ರಿಯೂ ಹಾಳು.

ನನಗೆ ಹೆದರಿಕೆ ಇರುವುದು ನಿದ್ದೆಯ ಬಗ್ಗೆ ಅಲ್ಲ, ಬೈಕಿನ ಬಗ್ಗೆ. 17 ಗಂಟೆ ಎಚ್ಚರವಿದ್ದವರ ಕೈಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರ ಹಾಗಿರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಕಾನೂನಿನಲ್ಲಿ ಮಿತಿ 30. ಅಂದರೆ ಮಂಗಳ ಹಾಡುವ ಹೊತ್ತಿಗೆ ಒಂದು ತೊಟ್ಟೂ ಕುಡಿಯದೆ ನಾವೆಲ್ಲ ಕುಡಿದವರ ಲೆಕ್ಕ. ವೇಷ ಹಾಕುವ ಚೌಕಿಯ ಬದಿಯಲ್ಲೇ ಅರ್ಧ ಗಂಟೆ ಮಲಗಿ, ಬೆಳಕಾದ ಮೇಲೆ ಹೊರಡಿ. ಇಡೀ ರಾತ್ರಿ ಆಡದೆ ಬೇಗ ಮುಗಿಸುವ ಕಾಲಮಿತಿಯ ಆಟವನ್ನು ನಾನು ಬಹಳ ಬೈಯುತ್ತಿದ್ದೆ, ಈ ಒಂದು ಕಾರಣಕ್ಕೆ ಈಗ ಬೈಯುವುದಿಲ್ಲ.

ಮಧ್ಯಾಹ್ನ ಉಂಡ ಮೇಲೆ ಅಡ್ಡಾಗದಿದ್ರೆ ತಲೆ ಓಡುದಿಲ್ಲ.

ಅಡ್ಡಾಗಿ. 20ರಿಂದ 30 ನಿಮಿಷ. ಮೂರು ಗಂಟೆಯ ಒಳಗೆ ಮುಗಿಸಿ. ನಾನು ಪೇಪರ್ ಮುಖದ ಮೇಲೆ ಹಾಕಿ ಆರಾಮ ಕುರ್ಚಿಯಲ್ಲಿ ಮಲಗುತ್ತೇನೆ, ಪೇಪರ್ ಜಾರಿ ಬಿದ್ದಾಗ ಏಳುತ್ತೇನೆ.

ಮಗ ದುಬೈಯಲ್ಲಿ ನೈಟ್ ಡ್ಯೂಟಿ. ಹಗಲು ನಿದ್ದೆ ಬರುದಿಲ್ಲ ಅಂತಾನೆ.

ಡ್ಯೂಟಿ ಮುಗಿಸಿ ರೂಮಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಲಿ, ಬಿಸಿಲು ಕಂಡರೆ ಮೆದುಳು ಬೆಳಗಾಯಿತು ಅಂದುಕೊಳ್ಳುತ್ತದೆ. ಕಿಟಕಿಗೆ ದಪ್ಪ ಪರದೆ. ದೊಡ್ಡ ಊಟ ಡ್ಯೂಟಿಗೆ ಮೊದಲು, ರಾತ್ರಿ ಮೂರಕ್ಕೆ ಬಿರಿಯಾನಿ ಬೇಡ. ಡ್ಯೂಟಿಯ ಎರಡನೇ ಅರ್ಧದಲ್ಲಿ ಚಾ-ಕಾಫಿ ನಿಲ್ಲಿಸಲಿ, ಐದು ಗಂಟೆಯ ಮೇಲೂ ಅದರ ಅರ್ಧ ಶಕ್ತಿ ಮೈಯಲ್ಲಿರುತ್ತದೆ. ಮತ್ತೆ, ನೀವು ಊರಿನಿಂದ ಅವನು ಮಲಗಿದ ಹೊತ್ತಿಗೆ ಫೋನ್ ಮಾಡಬೇಡಿ ಅಮ್ಮ.

ಇವ್ರ ಗೊರಕೆಗೆ ಮದ್ದು ಉಂಟಾ?

ಗೊರಕೆ ನಡುವಿನಲ್ಲಿ ಉಸಿರು ನಿಂತು ಆಮೇಲೆ ಜೋರಾಗಿ ಎಳೆದುಕೊಳ್ಳುತ್ತಾರಾ? ಹಗಲು ಬಸ್ಸಿನಲ್ಲಿ ಕೂತಲ್ಲೇ ತೂಕಡಿಸುತ್ತಾರಾ? ಹಾಗಿದ್ದರೆ ತಮಾಷೆಯಲ್ಲ, ಡಾಕ್ಟರಿಗೆ ತೋರಿಸಿ. ಅದರಿಂದ ಪ್ರೆಶರ್ ಏರುತ್ತದೆ. ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು, ಮಗ್ಗುಲಲ್ಲಿ ಮಲಗುವುದು ಎಲ್ಲರಿಗೂ ಉಪಕಾರ.

### ಸ್ವಲ್ಪ ಮುಂದಿನವು

ಶುರು ಮಾಡ್ತೇನೆ, ಎಂಟು ದಿನಕ್ಕೆ ನಿಲ್ತದೆ. 21 ದಿನ ಮಾಡಿದ್ರೆ ಅಭ್ಯಾಸ ಆಗ್ತದೆ ಅಂತಾರಲ್ಲ?

ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸರಾಸರಿ ಬಂದದ್ದು 66 ದಿನ. ಕೆಲವರಿಗೆ 18, ಕೆಲವರಿಗೆ 254 ಆಗಬಹುದು ಅಂತಲೂ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಟ್ಟು ಹೋಗುವುದಿಲ್ಲ ಅಂತಲೂ ಕಂಡಿತು. ಆದ್ದರಿಂದ 22ನೇ ದಿನ ಮೈ ಭಾರವಾದರೆ ನೀವು ಸೋಮಾರಿ ಅಂತಲ್ಲ.

ನನ್ನ ಉಪಾಯ: ಹೊಸ ಕೆಲಸಕ್ಕೆ ಹೊಸ ಹೊತ್ತು ಹುಡುಕಬೇಡಿ, ಹಳೇ ಕೆಲಸದ ಬಾಲಕ್ಕೆ ಕಟ್ಟಿ. ಚಾ ಕುದಿಯುವಷ್ಟು ಹೊತ್ತು ನಾನು ಅಡುಗೆಮನೆಯ ಸ್ಟೂಲಿನಿಂದ ಎದ್ದು ಕೂರುತ್ತೇನೆ, 15 ಸಲ. ಸೊಸೈಟಿಗೆ ಹಾಲು ಕೊಂಡುಹೋಗುವುದು ನಡೆದೇ. ಸ್ಕೂಟರಿನ ಕೀ ಹೆಂಡತಿಯ ಹತ್ತಿರ ಉಂಟು, ಕೇಳಬೇಕಾದರೆ ಕಾರಣ ಹೇಳಬೇಕು.

ಮೊಣಕಾಲು ನೋವು. ಗುಡ್ಡೆ ಹತ್ತುದು ಬಿಡ್ಬೇಕಾ?

ಪೂರ್ತಿ ಬಿಟ್ಟರೆ ತೊಡೆಯ ಸ್ನಾಯು ಸೊರಗಿ ನೋವು ಜಾಸ್ತಿಯಾಗುತ್ತದೆ. ಇಳಿಯುವಾಗ ಭಾರ ಹೆಚ್ಚು ಬೀಳುತ್ತದೆ, ಹಾಗಾಗಿ ಇಳಿಜಾರಿನಲ್ಲಿ ಊರುಗೋಲು ಹಿಡಿಯಿರಿ, ನಾಚಿಕೆ ಬೇಡ. ಸಮತಟ್ಟಿನಲ್ಲಿ ನಡೆಯಿರಿ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಊದಿದ್ದರೆ, ಬಿಸಿಯಾಗಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ತೋರಿಸಿ.

ತೂಕ ಸರಿ ಉಂಟು, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ತೊಂದ್ರೆ ಇಲ್ಲ ಅಲ್ವಾ?

ತೊಂದರೆ ಅಲ್ಲೇ ಇರುವುದು. ನಮ್ಮ ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಒಳಗೆ ಬೇಗ ಸೇರುತ್ತದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೈಲರಿನ ಟೇಪು ತಂದು ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಅಳೆಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಕಟ್ಟುವುದು. ಮುಂಡು ಉಡುವವರ ಕತೆ ಇನ್ನೂ ಕಷ್ಟ. ಎಷ್ಟು ಬೆಳೆದರೂ ಮುಂಡು ಸುತ್ತಿಕೊಳ್ಳುತ್ತದೆ, ಒಂದು ಮಾತೂ ಹೇಳುವುದಿಲ್ಲ.

ಏಕಾದಶಿ ಮಾಡ್ತೇನೆ. ತೂಕ ಯಾಕೆ ಇಳಿಯುದಿಲ್ಲ?

ಅನ್ನ ಬಿಟ್ಟು ಅವಲಕ್ಕಿ, ಸಜ್ಜಿಗೆ, ನಾಲ್ಕು ದೋಸೆ, ಬಾಳೆಹಣ್ಣಿನ ರಸಾಯನ. ಅದು ಉಪವಾಸವಲ್ಲ, ಮೆನು ಬದಲಾವಣೆ. ನಿಜವಾದ ಉಪವಾಸ ಕೆಲವರಿಗೆ ತೂಕ ಇಳಿಸಲು ಸಹಾಯ ಮಾಡುತ್ತದೆ, ಆದರೆ ದಿನಾ ಸ್ವಲ್ಪ ಕಡಿಮೆ ತಿನ್ನುವುದಕ್ಕಿಂತ ದೊಡ್ಡ ಪವಾಡವೇನಲ್ಲ. ಏಕಾದಶಿಯಾಗಲಿ, ರಂಜಾನ್ ಆಗಲಿ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಬೇಕು.

ಏನೂ ತೊಂದ್ರೆ ಇಲ್ಲ. ಮತ್ತೆ ಟೆಸ್ಟ್ ಎಂತಕ್ಕೆ?

ನನಗೂ ಏನೂ ತೊಂದರೆ ಇರಲಿಲ್ಲ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಪ್ರೆಶರ್, ಶುಗರ್ ನೋಡಿಸಿ. ಪ್ರೆಶರ್ 140/90 ಮುಟ್ಟಿದರೆ, ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಇನ್ನೊಮ್ಮೆ ನೋಡಿಸಿ ಖಚಿತ ಮಾಡಿಕೊಳ್ಳಬೇಕು. ಆರೋಗ್ಯ ಕೇಂದ್ರದಲ್ಲಿ 'ಜೀವಿತಶೈಲಿ ರೋಗ'ದ ಕ್ಲಿನಿಕ್ ಯಾವ ದಿನ ಅಂತ ನಿಮ್ಮ ವಾರ್ಡಿನ ಆಶಾ ಅಕ್ಕನನ್ನು ಕೇಳಿ. ಚೀಟಿ ಮಲಯಾಳದಲ್ಲಿದ್ದರೆ ಹೆದರಬೇಡಿ, ಸಂಖ್ಯೆ ಎಲ್ಲ ಭಾಷೆಗೂ ಒಂದೇ.

ನಡೆದು, ಪಥ್ಯ ಮಾಡಿ ಶುಗರ್ ಇಳಿದಿದೆ. ಇನ್ನು ಮಾತ್ರೆ ಬಿಡ್ಬಹುದಾ ಮಾಷ್ಟ್ರೇ?

ನೀವಾಗಿ ಬಿಡಬೇಡಿ, ಡಾಕ್ಟರು ಇಳಿಸಲಿ. ಮಾತ್ರೆ ಹಾಗೇ ಇದ್ದು ಊಟ ಕಡಿಮೆಯಾಗಿ ನಡಿಗೆ ಜಾಸ್ತಿಯಾದರೆ ಇನ್ನೊಂದು ಅಪಾಯ ಉಂಟು. ಶುಗರ್ ತೀರಾ ಕೆಳಗೆ ಹೋಗುತ್ತದೆ.

ನನಗೆ ಆದದ್ದು ಹೀಗೆ. ಅನ್ನ ಅರ್ಧ ಮಾಡಿ ಎರಡು ತಿಂಗಳಾಗಿತ್ತು. ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಹುಮ್ಮಸ್ಸಿನಲ್ಲಿ ನಾಲ್ಕು ಕಿಲೋಮೀಟರ್ ನಡೆದೆ. ಮೋರಿಯ ಹತ್ತಿರ ಬಂದಾಗ ಕೈ ನಡುಗಲು ಶುರುವಾಯಿತು. ಮೈಯೆಲ್ಲ ತಣ್ಣನೆ ಬೆವರು. ಎದುರಿನ ಅಂಗಡಿಯ ಬೋರ್ಡು ಕಾಣುತ್ತದೆ, ಓದಲು ಆಗುವುದಿಲ್ಲ. ಅಂಗಡಿಯವ ನನ್ನ ಹಳೇ ವಿದ್ಯಾರ್ಥಿ. ಮುಖ ನೋಡಿ ಏನೂ ಕೇಳದೆ ಲಿಂಬೆ ಸರ್ಬತ್ತಿಗೆ ಮೂರು ಚಮಚ ಸಕ್ಕರೆ ಹಾಕಿ ಕೈಗೆ ಕೊಟ್ಟ. ಹತ್ತು ನಿಮಿಷದಲ್ಲಿ ಬೋರ್ಡು ಓದಲು ಬಂತು. ಅವನ ತಂದೆಗೂ ಶುಗರ್ ಇತ್ತಂತೆ. ಅಂದಿನಿಂದ ನಡೆಯಲು ಹೋಗುವಾಗ ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಒಂದು ಪೊಟ್ಟಣ ಇರುತ್ತದೆ. ಮಳೆಗಾಲದಲ್ಲಿ ಇರುವೆ ಬಾರದ ಹಾಗೆ ಎರಡು ಪ್ಲಾಸ್ಟಿಕ್ ಸುತ್ತಬೇಕು.